ಕನ್ನಡ ಪರೀಕ್ಷೆ ಮಕ್ಕಳಿಂದ ಏನು ಕೇಳಬೇಕು? ಸಚಿವರಿಗೂ ಪರೀಕ್ಷಾ ಮಂಡಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,
ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಅಧ್ಯಕ್ಷರಿಗೆ,

ನಮಸ್ಕಾರಗಳು.

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಯ ಕನ್ನಡ ನನ್ನದೇ. ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು ಎಷ್ಟು ಅಂಕ ಬೇಕು, ಪರೀಕ್ಷೆ ವರ್ಷಕ್ಕೆ ಎಷ್ಟು ಸಲ ನಡೆಯಬೇಕು, ಕೊಠಡಿಯಲ್ಲಿ ಕ್ಯಾಮೆರಾ ಇರಬೇಕಾ ಬೇಡವಾ ಎಂಬ ಬಗ್ಗೆ ಎರಡು ಮೂರು ವರ್ಷದಿಂದ ಸಾಕಷ್ಟು ಚರ್ಚೆ ಆಗಿದೆ. ಕನ್ನಡದ ಪ್ರಶ್ನೆಪತ್ರಿಕೆ ಮಕ್ಕಳಿಂದ ಏನನ್ನು ಕೇಳುತ್ತಿದೆ ಎಂಬ ಬಗ್ಗೆ ಮಾತ್ರ ಮಾತು ಬಹಳ ಕಡಿಮೆ. ಅದಕ್ಕೇ ಈ ಪತ್ರ.

ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ 100 ಲಿಖಿತ, 25 ಆಂತರಿಕ. ಉಳಿದ ವಿಷಯಗಳಿಗೆಲ್ಲ 100 ಅಂಕ. ಭಾಷೆಗೆ ಸಿಕ್ಕ ಈ ಹೆಚ್ಚಿನ ತೂಕ ಸುಮ್ನೆ ಬಂದದ್ದಲ್ಲ. ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ಕೊಟ್ಟ ವರದಿಯಲ್ಲಿ, ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆ ಆಗಿರಲಿ, ಅದಕ್ಕೆ 150 ಅಂಕ ಇರಲಿ ಎಂದಿತ್ತು. ಆ ವರದಿ ಜಾರಿಯಾಗಲಿ ಎಂದು 1982ರಲ್ಲಿ ಸಾಹಿತಿಗಳು ಬೀದಿಗೆ ಬಂದರು. ಡಾ. ರಾಜ್‌ಕುಮಾರ್ ಊರೂರು ಸುತ್ತಿ ಮಾತಾಡಿದರು. ನಮ್ಮ ಹಿರಿಯರು ಅಷ್ಟು ಜಗಳವಾಡಿ ಉಳಿಸಿಕೊಟ್ಟ ಜಾಗ ಇದು. ಆ ಜಾಗದಲ್ಲಿ ನಾವು ಈಗ ಏನು ಮಾಡುತ್ತಿದ್ದೇವೆ? ಮಕ್ಕಳ ನೆನಪಿನ ಶಕ್ತಿ ಎಷ್ಟಿದೆ ಎಂದು ನೋಡುತ್ತಿದ್ದೇವೆ. ಅವರಿಗೆ ಕನ್ನಡ ಎಷ್ಟು ಬರುತ್ತದೆ ಎಂದು ನೋಡುತ್ತಿಲ್ಲ.

ಕವಿ ಪರಿಚಯದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಸ್ಥಳ, ಕಾಲ, ಕೃತಿ, ಪ್ರಶಸ್ತಿ. ಈ ನಾಲ್ಕು ಮಾತು ಕೇಳದೆ ಕರ್ನಾಟಕದಲ್ಲಿ ಯಾವ ಮಗುವೂ ಹತ್ತನೇ ತರಗತಿ ದಾಟುವುದಿಲ್ಲ. ರನ್ನ, ಮುಧೋಳ, ಹತ್ತನೇ ಶತಮಾನ, ಗದಾಯುದ್ಧ, ಕವಿಚಕ್ರವರ್ತಿ. ಇಷ್ಟನ್ನು ಒಂದು ವಾಕ್ಯದಲ್ಲಿ ಜೋಡಿಸಿದರೆ ಆಯಿತು, ಪೂರ್ತಿ ಅಂಕ. ಆ ಹುಡುಗ ರನ್ನನ ಒಂದು ಸಾಲನ್ನೂ ಗಟ್ಟಿಯಾಗಿ ಓದಿರಬೇಕಾಗಿಲ್ಲ. ಅದೇ ಪುಸ್ತಕದಲ್ಲಿ ರನ್ನನ ದುರ್ಯೋಧನ ಇದ್ದಾನೆ. ತಮ್ಮಂದಿರು ಹೋದರು, ಗೆಳೆಯ ಕರ್ಣ ಹೋದ, ದ್ರೋಣರೂ ಹೋದರು. ಶರಶಯ್ಯೆಯಲ್ಲಿ ಮಲಗಿರುವ ಭೀಷ್ಮ, ಈಗಲಾದರೂ ಸಂಧಿ ಮಾಡಿಕೋ ಅನ್ನುತ್ತಾನೆ. ಇವನು ಒಪ್ಪುವುದಿಲ್ಲ. ಯಾಕೆ ಒಪ್ಪಲಿಲ್ಲ, ಅವನು ಮಾಡಿದ್ದು ಸರಿಯಾ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ ನೋಡಿ. ತರಗತಿ ಎರಡು ಗುಂಪಾಗುತ್ತದೆ. ಹಿಂದಿನ ಬೆಂಚಿನಲ್ಲಿ ವರ್ಷವಿಡೀ ಬಾಯಿ ಬಿಡದ ಹುಡುಗ ಎದ್ದು ನಿಂತು, "ಅಷ್ಟು ಮಂದಿ ಸತ್ತ ಮ್ಯಾಲ ರಾಜಿ ಆದ್ರ, ಸತ್ತವ್ರಿಗೆ ಏನಂತ ಹೇಳಬೇಕ್ರಿ?" ಅನ್ನುತ್ತಾನೆ. ಆ ಪಾಠದ ಜೀವ ಇರುವುದೇ ಆ ಪ್ರಶ್ನೆಯಲ್ಲಿ. ಆದರೆ ಅದಕ್ಕೆ ಅಂಕ ಇಲ್ಲ. ಗಂಟೆ ಹೊಡೆಯುವುದರೊಳಗೆ ನಾನು ಬೋರ್ಡಿನ ಕಡೆ ತಿರುಗಿ ಸ್ಥಳ, ಕಾಲ, ಕೃತಿ ಬರೆಸಬೇಕು.

ಸಂದರ್ಭ ಸಹಿತ ವಿವರಿಸಿ ಎಂಬ ಪ್ರಶ್ನೆಯ ಪಾಡೂ ಇದೇ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಭಾಗ. "ಈ ವಾಕ್ಯವನ್ನು ಇಂಥವರು ಬರೆದಿರುವ ಇಂಥ ಕೃತಿಯಿಂದ ಆಯ್ದ ಇಂಥ ಪಾಠದಿಂದ ಆರಿಸಿಕೊಳ್ಳಲಾಗಿದೆ" ಎಂದು ಶುರು ಮಾಡಿದರೆ ಒಂದು ಅಂಕ ಜೇಬಿಗೆ. ಸ್ವಾರಸ್ಯ ಅಂದರೆ ಆ ಮಾತಿನಲ್ಲಿ ನನಗೆ ಕಂಡ ಸೊಗಸು ಅಲ್ವಾ? ಅದನ್ನೂ ಗೈಡಿನಿಂದ ಉರು ಹೊಡೆದು ಬರೆಯುತ್ತಾರೆ. ಬೀದರಿನ ಮಗುವಿಗೂ ಚಾಮರಾಜನಗರದ ಮಗುವಿಗೂ ಒಂದೇ ಮಾತಿನಲ್ಲಿ, ಅದೇ ಶಬ್ದಗಳಲ್ಲಿ ಸ್ವಾರಸ್ಯ ಕಾಣುತ್ತದೆ. ಗಾದೆ ವಿಸ್ತರಣೆಗೆ ಬಂದರೆ, ಗಾದೆ ಯಾವುದೇ ಇರಲಿ, ಉತ್ತರದ ಮೊದಲ ಸಾಲು "ವೇದ ಸುಳ್ಳಾದರೂ ಗಾದೆ ಸುಳ್ಳಾಗದು". ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳ ಮಹತ್ವ, ಸಾಮಾಜಿಕ ಪಿಡುಗುಗಳು. ಐದಾರು ಪ್ರಬಂಧ ಬಾಯಿಪಾಠ ಮಾಡಿದರೆ ಒಂದಾದರೂ ಬಂದೇ ಬರುತ್ತದೆ ಎಂದು ನಾವೇ ಮಕ್ಕಳಿಗೆ ಧೈರ್ಯ ಹೇಳುತ್ತೇವೆ. ಊರಿನ ಗ್ರಂಥಾಲಯದ ಬಾಗಿಲು ತೆರೆದಿದ್ದನ್ನೇ ನೋಡದ ಮಗು ಗ್ರಂಥಾಲಯದ ಮಹತ್ವದ ಬಗ್ಗೆ ಒಂದೂವರೆ ಪುಟ ಬರೆಯುತ್ತದೆ.

ಪತ್ರಲೇಖನದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಪರೀಕ್ಷೆ ಕೇಳುವುದರಲ್ಲಿ ಮಗುವಿನ ಬದುಕಿಗೆ ನೇರವಾಗಿ ಬೇಕಾದ ಒಂದು ವಿದ್ಯೆ ಇದ್ದರೆ ಅದು ಇದೇ. "ನಿಮ್ಮನ್ನು ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದುತ್ತಿರುವ ಇಂಥವರು ಎಂದು ಭಾವಿಸಿ" ಎಂದು ಪ್ರಶ್ನೆ ಶುರುವಾಗುತ್ತದೆ. ಇಂದ, ಗೆ, ಮಾನ್ಯರೆ, ವಿಷಯ, ಒಡಲು, ಸ್ಥಳ, ದಿನಾಂಕ, ಇಂತಿ ತಮ್ಮ ವಿಶ್ವಾಸಿ. ಅಂಕದ ಒಂದು ಪಾಲು ಈ ಚೌಕಟ್ಟಿಗೇ ಹೋಗುತ್ತದೆ. ಒಂಬತ್ತನೇ ತರಗತಿಯಲ್ಲಿ ಒಂದು ದಿನ ನಾನು ಭಾವಿಸಿಕೊಳ್ಳುವುದನ್ನು ಬಿಡಿ, ನಿಮ್ಮ ನಿಮ್ಮ ಹೆಸರಿನಲ್ಲೇ ನಿಮಗೆ ನಿಜವಾಗಿ ಆಗಬೇಕಾದ ಒಂದು ಕೆಲಸದ ಬಗ್ಗೆ ಪತ್ರ ಬರೆಯಿರಿ ಎಂದೆ. ತಾಂಡಾದಿಂದ ಬರುವ ಒಬ್ಬ ಹುಡುಗಿ ಬಸ್ ಡಿಪೋ ಮ್ಯಾನೇಜರ್‌ಗೆ ಬರೆದಳು: "ಮುಂಜಾನೆ ಬಸ್ಸು ನಮ್ಮ ತಾಂಡಾದಾಗ ನಿಲ್ಲಸಂಗಿಲ್ರಿ. ಕೈ ಮಾಡಿದ್ರೂ ಹಂಗ ಹೊಕ್ಕೈತಿ. ಪ್ರಾರ್ಥನೆಗೆ ತಡ ಆದ್ರ ಹೊರಗ ನಿಂದರಬೇಕು. ನಾವು ಏಳು ಹುಡುಗ್ಯಾರು ಅದೀವಿ. ಮಳಿ ಬಂದ ದಿನ ಶಾಲಿ ಬಿಡ್ತೀವಿ." ಬರೆದು ತಂದುಕೊಟ್ಟವಳು ಕೇಳಿದ್ದು ಒಂದೇ ಮಾತು. "ಸರ್, ಹಿಂಗ ಬರದ್ರ ಮಾರ್ಕ್ಸ್ ಬರ್ತಾವೇನ್ರಿ?"

ಆ ಐದು ಸಾಲಿನಲ್ಲಿ ಏನೇನಿದೆ ನೋಡಿ. ತೊಂದರೆ ಏನು, ಎಷ್ಟು ಜನಕ್ಕೆ, ಯಾವಾಗ, ಅದರಿಂದ ಏನಾಗುತ್ತಿದೆ, ಎಲ್ಲ ಇದೆ. ಒಂದು ಮಾತೂ ಜಾಸ್ತಿ ಇಲ್ಲ. ಆಮೇಲೆ ಇಬ್ಬರೂ ಕೂತು ಅದನ್ನು ಬರಹದ ಕನ್ನಡಕ್ಕೆ ತಂದೆವು. "ನಿಲ್ಲಸಂಗಿಲ್ಲ" ಅನ್ನುವುದು "ನಿಲ್ಲಿಸುವುದಿಲ್ಲ" ಆಯಿತು, "ಹೊಕ್ಕೈತಿ" ಅನ್ನುವುದು "ಹೋಗುತ್ತದೆ" ಆಯಿತು. ಅವಳಿಗೆ ಹತ್ತು ನಿಮಿಷ ಹಿಡಿಯಿತು ಅಷ್ಟೇ. ಹೇಳಬೇಕಾದ್ದು ತನ್ನ ಹತ್ತಿರ ಇದ್ದಾಗ ವ್ಯಾಕರಣ ತಾನಾಗಿ ಬರುತ್ತದೆ. ಹೇಳಬೇಕಾದ್ದೇ ಇಲ್ಲದ ಮಗುವಿಗೆ ಸಂಧಿ, ಸಮಾಸ ಎಷ್ಟು ತಿದ್ದಿಸಿದರೂ ಒಂದು ಸ್ವಂತ ವಾಕ್ಯ ಹುಟ್ಟುವುದಿಲ್ಲ. ಆದರೆ ಇದೇ ಪತ್ರ ಮೊದಲು ಇದ್ದ ರೂಪದಲ್ಲಿ ಮೌಲ್ಯಮಾಪನ ಕೇಂದ್ರಕ್ಕೆ ಹೋದರೆ? ಕೀ ಉತ್ತರ ಮುಂದಿಟ್ಟುಕೊಂಡು, ದಿನಕ್ಕೆ ಇಷ್ಟು ಪತ್ರಿಕೆ ಮುಗಿಸಲೇಬೇಕು ಎಂಬ ಒತ್ತಡದಲ್ಲಿರುವ ಮೌಲ್ಯಮಾಪಕರಿಗೆ ಮೊದಲು ಕಾಣುವುದು ವಿಳಾಸ ಬರೆಯದೇ ಇದ್ದದ್ದು.

ನಮ್ಮ ಭಾಗದ ಮಕ್ಕಳ ಇನ್ನೊಂದು ಕಷ್ಟವನ್ನೂ ನಿಮ್ಮ ಗಮನಕ್ಕೆ ತರಬೇಕು. ದಾಖಲೆಯಲ್ಲಿ ಎಲ್ಲರದ್ದೂ ಪ್ರಥಮ ಭಾಷೆ ಕನ್ನಡ. ಮನೆಯಲ್ಲಿ ಕೆಲವರು ಲಂಬಾಣಿ ಮಾತಾಡುತ್ತಾರೆ, ಕೆಲವರು ಉರ್ದು, ಕೆಲವರು ತೆಲುಗು. ಕನ್ನಡದ ಮನೆಯವರದ್ದೂ ಪುಸ್ತಕದ ಕನ್ನಡ ಅಲ್ಲ. ಸುಗ್ಗಿ ಮುಗಿದ ಮೇಲೆ ಎಷ್ಟೋ ಕುಟುಂಬ ಗುಳೆ ಹೋಗುತ್ತವೆ. ಅಪ್ಪ ಅಮ್ಮ ಬೆಂಗಳೂರಲ್ಲಿ ಕಟ್ಟಡ ಕೆಲಸಕ್ಕೆ ನಿಂತರೆ ಮಗು ಎರಡು ಮೂರು ತಿಂಗಳು ಶಾಲೆಗೆ ಬರುವುದಿಲ್ಲ. ಇಂಥ ಮಗು ಎಂಟನೇ ತರಗತಿಗೆ ಬಂದಾಗ ಒಂದು ಪ್ಯಾರಾ ತಡವರಿಸದೆ ಓದಲು ಕಷ್ಟಪಡುತ್ತದೆ. ಜೂನ್‌ನಲ್ಲಿ ಹಿಂದಿನ ತರಗತಿಯ ಕಲಿಕೆ ನೆನಪಿಸುವ ಸೇತುಬಂಧ ಮುಗಿಸಿ ಸೀದಾ ಹಳಗನ್ನಡ ಪದ್ಯಕ್ಕೆ ಕರೆದುಕೊಂಡು ಹೋಗುತ್ತೇವೆ. ಆ ಮಗು ಏನು ಮಾಡಬೇಕು? ಉರು ಹೊಡೆಯುತ್ತದೆ. ಅರ್ಥ ಆಗದ್ದನ್ನು ದಾಟಲು ಅದಕ್ಕೆ ಗೊತ್ತಿರುವ ದಾರಿ ಅದೊಂದೇ.

ಹಾಗಂತ ಹಳಗನ್ನಡ ತೆಗೆದುಬಿಡಿ ಎಂದು ನಾನು ಕೇಳುತ್ತಿಲ್ಲ. ಆ ಮಾತನ್ನು ಯಾರಾದರೂ ಆಡಿದರೆ ಮೊದಲು ಜಗಳ ತೆಗೆಯುವವನು ನಾನೇ. ಪಂಪ, ರನ್ನ, ಕುಮಾರವ್ಯಾಸ, ಲಕ್ಷ್ಮೀಶ ಬಡವರ ಮಕ್ಕಳಿಗೆ ಸಿಗುವುದು ಪ್ರೌಢಶಾಲೆಯಲ್ಲಿ ಮಾತ್ರ. ಅಲ್ಲಿ ತಪ್ಪಿದರೆ ಜೀವಮಾನದಲ್ಲಿ ಮತ್ತೆ ಸಿಗುವುದಿಲ್ಲ. ನನ್ನ ದೂರು ಇರುವುದು ಅದನ್ನು ಕೇಳುವ ರೀತಿಯ ಮೇಲೆ. ಛಂದಸ್ಸಿನ ಪ್ರಶ್ನೆ ನೋಡಿ. ಭಾಮಿನಿ ಷಟ್ಪದಿಯ ಸಾಲು ಕೊಟ್ಟು ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಹೆಸರು ಬರೆಯಿರಿ ಅನ್ನುತ್ತೇವೆ. ಮಗು ಲಘು ಗುರು ಗುರುತು ಹಾಕುತ್ತದೆ, ಮೂರು ನಾಲ್ಕು ಮೂರು ನಾಲ್ಕು ಎಂದು ಗೆರೆ ಎಳೆಯುತ್ತದೆ. ಸಣ್ಣ ಸಾಲಿಗೆ 14 ಮಾತ್ರೆ, ಮೂರನೇ ಮತ್ತು ಆರನೇ ಸಾಲಿಗೆ 23, ಒಟ್ಟು 102. ಲೆಕ್ಕ ಸರಿ. ಕಿವಿಗೆ ಮಾತ್ರ ಏನೂ ಕೇಳಿಲ್ಲ. ಅದೇ ಪದ್ಯವನ್ನು ಚಪ್ಪಾಳೆ ಹಾಕಿ ತಕಿಟ ತಕಧಿಮಿ, ತಕಿಟ ತಕಧಿಮಿ ಎಂದು ಹೇಳಿಸಿ. ಭಜನೆಗೆ ತಾಳ ಹಾಕುವ ಮಕ್ಕಳು, ಡೊಳ್ಳು ಹಲಗೆ ಬಾರಿಸುವ ಮನೆಯ ಮಕ್ಕಳು ಅದನ್ನು ತಟ್ಟನೆ ಹಿಡಿಯುತ್ತಾರೆ. ಹಿಡಿದ ಮೇಲೆ ಬಿಡುವುದೇ ಇಲ್ಲ, ಊಟದ ಸಾಲಿನಲ್ಲೂ ಹೇಳುತ್ತಿರುತ್ತಾರೆ. ಶಿವಮೊಗ್ಗದ ಹತ್ತಿರ ಹೊಸಹಳ್ಳಿಯಂಥ ಊರು ಗಮಕವನ್ನು, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯನ್ನು, ಉಳಿಸಿಕೊಂಡು ಬಂದಿದೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಬರೆಯಲು ಓದಲು ಬಾರದ ಜನ ಜಗುಲಿಯ ಮೇಲೆ ಕೂತು ಕುಮಾರವ್ಯಾಸನನ್ನು ಕೇಳಿ ತಲೆದೂಗಿದ ನಾಡು ಇದು. ನಮ್ಮ ತರಗತಿಯಲ್ಲಿ ಅವನು ಬರೀ ಗೆರೆ ಎಳೆಯುವ ಲೆಕ್ಕ ಆಗಿದ್ದಾನೆ.

ಬಾಯಿಪಾಠವೇ ಕೆಟ್ಟದ್ದು ಎಂದೂ ನಾನು ಹೇಳುವುದಿಲ್ಲ. ಪದ್ಯ ಪೂರ್ಣಗೊಳಿಸಿ ಎಂಬ ಪ್ರಶ್ನೆ ಇರಲಿ, ಇನ್ನೂ ಎರಡು ಅಂಕ ಜಾಸ್ತಿಯೇ ಇರಲಿ. ಹದಿನೈದು ವರ್ಷಕ್ಕೆ ಬಾಯಿಗೆ ಬಂದ ಪದ್ಯ ಎಪ್ಪತ್ತಕ್ಕೂ ಇರುತ್ತದೆ. ಬಾಯಿಪಾಠ ಮಾಡಬೇಕಾದ್ದು ಕವಿಯ ಮಾತನ್ನು, ಗೈಡು ಬರೆದವರ ಮಾತನ್ನಲ್ಲ.

ಹಾಗಾದರೆ ಏನು ಮಾಡಬೇಕು ಅನ್ನುತ್ತೀರಿ. ಮೊದಲನೆಯದಾಗಿ ಅಪಠಿತ ಗದ್ಯಕ್ಕೆ ತೂಕ ಕೊಡಿ. ಮಗು ಹಿಂದೆಂದೂ ನೋಡಿರದ ಒಂದು ಪುಟ ಕೊಟ್ಟು, ಓದಿ ಏನು ತಿಳಿಯಿತು ಹೇಳು ಅನ್ನುವುದು ಭಾಷೆಯ ನಿಜವಾದ ಪರೀಕ್ಷೆ. ಈಗ ಅದು ಪತ್ರಿಕೆಯ ಒಂದು ಮೂಲೆಯಲ್ಲಿದೆ. ಉತ್ತರವೂ ಆ ಪ್ಯಾರಾದಲ್ಲೇ ಇರುತ್ತದೆ, ನೋಡಿ ನಕಲು ಮಾಡಿದರೆ ಮುಗಿಯಿತು. ಅದರ ಜಾಗದಲ್ಲಿ ಕಾಲು ಭಾಗದಷ್ಟಾದರೂ ಅಂಕ ಓದದೇ ಇದ್ದ ಗದ್ಯಕ್ಕೂ ಪದ್ಯಕ್ಕೂ ಇರಲಿ. ಒಂದು ಸುದ್ದಿ, ಒಂದು ಚಿಕ್ಕ ಕತೆಯ ತುಣುಕು, ಬ್ಯಾಂಕಿನ ಒಂದು ಸೂಚನೆ, ಯಾವುದಾದರೂ ಆಗಬಹುದು. ನಮ್ಮ ಮಕ್ಕಳಿಗೆ ನಾಳೆ ಕೈಗೆ ಬರುವುದು ಹೊಲದ ಪಹಣಿ, ಸಾಲದ ಕಾಗದ, ಆಸ್ಪತ್ರೆಯ ಚೀಟಿ. ಕನ್ನಡದಲ್ಲಿ 110 ಅಂಕ ತೆಗೆದ ಹುಡುಗ ಅಪ್ಪನ ಪಹಣಿ ಹಿಡಿದು ಸೇವಾ ಕೇಂದ್ರದ ಮುಂದೆ ಇನ್ನೊಬ್ಬರಿಗಾಗಿ ಕಾಯುವುದನ್ನು ನಾನು ನೋಡಿದ್ದೇನೆ. ಅರ್ಜಿ ಬರೆಸಲು ಅವನು ದುಡ್ಡು ಕೊಡುತ್ತಾನೆ. ಹತ್ತು ವರ್ಷ ಕನ್ನಡ ಕಲಿತವನು, ಕನ್ನಡದಲ್ಲಿ ಅರ್ಜಿ ಬರೆಸಲು!

ಹಳಗನ್ನಡ ನಡುಗನ್ನಡದ ಪದ್ಯವನ್ನು ಪತ್ರಿಕೆಯಲ್ಲೇ ಅಚ್ಚು ಮಾಡಿ. ಕಷ್ಟದ ಪದಗಳಿಗೆ ಕೆಳಗೆ ಅರ್ಥ ಕೊಡಿ. ಆಮೇಲೆ ಕೇಳಿ: ಇಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ಭಾವದಲ್ಲಿ, ನಿನಗೆ ಏನನಿಸಿತು. ಕವಿಯ ಊರು ಕಾಲವನ್ನೂ ಅಲ್ಲೇ ಕೊಟ್ಟುಬಿಡಿ. ಅದು ತಿಳಿದಿರಬೇಕಾದ್ದೇ, ಅಂಕಕ್ಕಾಗಿ ಕಕ್ಕಬೇಕಾದ್ದಲ್ಲ. ಪ್ರಬಂಧದ ವಿಷಯವನ್ನು ಗೈಡಿನಲ್ಲಿ ಸಿಗದ ಹಾಗೆ ಕೊಡಿ. "ನಿಮ್ಮ ಊರಿನ ಸಂತೆ" ಅನ್ನಿ. "ನಿಮ್ಮ ಮನೆಯಲ್ಲಿ ಒಬ್ಬರು ಮಾಡುವ ಕೆಲಸವನ್ನು ಗೊತ್ತಿಲ್ಲದವರಿಗೆ ಅರ್ಥವಾಗುವ ಹಾಗೆ ವಿವರಿಸಿ" ಅನ್ನಿ. ಮೀನು ಹಿಡಿಯುವವರ ಮಗು ಬಲೆಯ ಬಗ್ಗೆ ಬರೆಯುತ್ತದೆ, ಬೀಡಿ ಕಟ್ಟುವ ತಾಯಿಯ ಮಗಳು ಎಲೆಯ ಬಗ್ಗೆ ಬರೆಯುತ್ತಾಳೆ. ಮೌಲ್ಯಮಾಪಕರಿಗೆ ಕೊಡುವ ಸೂಚನೆಯಲ್ಲಿ ಸ್ವಂತ ವಾಕ್ಯಕ್ಕೆ, ಕಣ್ಣಾರೆ ಕಂಡ ವಿವರಕ್ಕೆ ಇಷ್ಟು ಅಂಕ ಎಂದು ಕಾಣುವ ಹಾಗೆ ಬರೆಯಿರಿ. ಊರಿನ ಮಾತು ನಡುವೆ ಬಂದರೆ ಅಂಕ ಕಳೆಯಬೇಡಿ ಎಂದೂ ಬರೆಯಿರಿ. ಹಲಗಲಿ ಬೇಡರ ಲಾವಣಿಯನ್ನು ಪಠ್ಯದಲ್ಲಿ ಇಟ್ಟವರು ನಾವೇ ಅಲ್ವಾ? ಅದು ನಮ್ಮ ಕಡೆಯ ಆಡುಮಾತಿನಲ್ಲೇ ಇದೆ. ಆ ಪದ್ಯ ಮಾಡುವ ದಿನ ಮಕ್ಕಳ ಮುಖ ನೋಡಬೇಕು. ಪುಸ್ತಕದಲ್ಲಿ ತಮ್ಮ ಮಾತು ಕಂಡ ಖುಷಿ ಅದು. ಮರುದಿನ ಅದೇ ಮಾತು ಅವರ ನೋಟ್‌ಬುಕ್ಕಿನಲ್ಲಿ ಕಂಡರೆ ಕೆಂಪು ಶಾಯಿ ಬೀಳುತ್ತದೆ.

25 ಆಂತರಿಕ ಅಂಕದ ಮಾತಿಗೆ ಬರುತ್ತೇನೆ. ಈ ಅಂಕ ಹೇಗೆ ತುಂಬುತ್ತದೆ ಎಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಲಿಖಿತದಲ್ಲಿ ಎಷ್ಟೇ ಬರಲಿ, ಇಲ್ಲಿ ಬಹುತೇಕ ಎಲ್ಲರಿಗೂ ಇಪ್ಪತ್ತರ ಮೇಲೆ. ಶಿಕ್ಷಕರನ್ನು ಬೈದು ಪ್ರಯೋಜನ ಇಲ್ಲ. ಫಲಿತಾಂಶ ಕಡಿಮೆ ಆದ ಶಾಲೆಗೆ ನೋಟಿಸ್ ಬರುತ್ತದೆ, ಜಿಲ್ಲೆ ಜಿಲ್ಲೆಗೆ ಸ್ಥಾನ ಕಟ್ಟುತ್ತಾರೆ. ಅಂಥ ಕಡೆ ಯಾವ ಮಾಸ್ತರ ತನ್ನ ಮಕ್ಕಳಿಗೆ 14 ಹಾಕುತ್ತಾನೆ? ಆ 25ರಲ್ಲಿ ಹತ್ತನ್ನು ಮಾತಿಗೂ ಓದಿಗೂ ಇಡಿ. ಎಂಟನೇ ತರಗತಿಯಿಂದಲೇ ಮಗು ಒಂದು ಪುಟ ಗಟ್ಟಿಯಾಗಿ ಓದಲಿ, ಎರಡು ನಿಮಿಷ ತನಗೆ ಗೊತ್ತಿರುವ ವಿಷಯದ ಬಗ್ಗೆ ಮಾತಾಡಲಿ, ಗೆಳೆಯ ಹೇಳಿದ್ದನ್ನು ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಲಿ. ಈಗ ಎಸ್ಸೆಸ್ಸೆಲ್ಸಿ ಮುಗಿಸುವ ಮಗು ಕನ್ನಡ ಪರೀಕ್ಷೆಗಾಗಿ ಬಾಯಿ ತೆರೆಯಬೇಕಾದ ಪ್ರಸಂಗವೇ ಇಲ್ಲ. ಪಿಯುಸಿಗೆ ಪಟ್ಟಣಕ್ಕೆ ಹೋದ ನಮ್ಮ ಹುಡುಗರು ತರಗತಿಯಲ್ಲಿ ಎದ್ದು ನಿಂತು ಒಂದು ಸಂದೇಹ ಕೇಳಲು ಹೆದರಿ ಹಿಂದೆ ಬೀಳುತ್ತಾರೆ. ಅದು ಬುದ್ಧಿಯ ಕೊರತೆ ಅಲ್ಲ.

ಇನ್ನು ನಕಲು, ಫಲಿತಾಂಶದ ವಿಚಾರ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ, ವೆಬ್‌ಕಾಸ್ಟಿಂಗ್ (ಕೊಠಡಿಯ ಕ್ಯಾಮೆರಾ ದೃಶ್ಯವನ್ನು ದೂರದಿಂದ ನೇರವಾಗಿ ನೋಡುವುದು) ಬಂದ 2024ರಲ್ಲಿ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಕ್ಯಾಮೆರಾ ಹಾಕಿದ್ದು ಒಳ್ಳೆಯದೇ ಆಯಿತು. ಆದರೆ ನಕಲು ಮಾಡಬಹುದಾದ ಉತ್ತರವನ್ನೇ ಕೇಳುವ ತನಕ ನಕಲಿನ ಆಸೆ ಹೋಗುವುದಿಲ್ಲ. ನಿನ್ನ ಊರಿನ ಸಂತೆಯ ಬಗ್ಗೆ ಬರೆ ಅಂದರೆ ಪಕ್ಕದವನದ್ದು ನೋಡಿ ಏನು ಬರೆಯುವುದು? 2025ರ ಅಕ್ಟೋಬರ್‌ನಲ್ಲಿ ಪಾಸಾಗಲು ಒಟ್ಟಾರೆ ಶೇ 33, ಪ್ರತಿ ವಿಷಯದಲ್ಲಿ ಶೇ 30 ಇದ್ದರೆ ಸಾಕು ಎಂದು ಪ್ರಕಟಿಸಿದಿರಿ. ನನಗೆ ಅದರ ಮೇಲೆ ತಕರಾರಿಲ್ಲ, ಎಷ್ಟೋ ಬಡ ಮಕ್ಕಳು ಮುಂದೆ ಹೋಗುತ್ತಾರೆ. ಆದರೆ 33 ಬರಲಿ, 99 ಬರಲಿ, ಆ ಅಂಕ ಮಗುವಿಗೆ ಏನು ಬರುತ್ತದೆ ಎಂಬುದನ್ನು ಹೇಳುವಂತಿರಬೇಕು. ಡಿಸೆಂಬರ್ ಬಂದರೆ ಪಾಸಿಂಗ್ ಪ್ಯಾಕೇಜ್ ಕೈಗೆ ಬರುತ್ತದೆ. ಇಷ್ಟು ಕವಿಗಳು, ಇಷ್ಟು ಒಂದು ಅಂಕದ ಪ್ರಶ್ನೆ, ಇದಿಷ್ಟನ್ನು ತಿರುವಿದರೆ ಪಾಸು. ಮಕ್ಕಳು ಅದನ್ನು ನಂಬುತ್ತಾರೆ, ಯಾಕೆಂದರೆ ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ಕನ್ನಡಕ್ಕಿಂತ ಸಂಸ್ಕೃತದಲ್ಲಿ ಅಂಕ ಜಾಸ್ತಿ ಬೀಳುತ್ತದೆ ಎಂದು ಅದನ್ನೇ ಪ್ರಥಮ ಭಾಷೆಯಾಗಿ ತೆಗೆದುಕೊಳ್ಳುವ ಪಟ್ಟಣದ ಮಕ್ಕಳದ್ದೂ ಇದೇ ಲೆಕ್ಕ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ ಬೇರೆ ಬೋರ್ಡಿನ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕು. ಅಲ್ಲಿ ಕನ್ನಡ ಹೊಸದಾಗಿ ಕಲಿಯುವ ಮಗುವಿಗೂ ಅಂಗಡಿಯಲ್ಲಿ, ಆಟೋದಲ್ಲಿ ಆಡುವ ಮಾತಿನಿಂದ ಶುರು ಮಾಡಿದರೆ ಆಸೆ ಹುಟ್ಟೀತು.

ನಮ್ಮ ಕಡೆಯಿಂದಲೂ ಒಂದು ಮಾತು. ಸ್ವಂತ ಬರಹ ಬರೆಸಿದರೆ ಅದನ್ನು ಓದಬೇಕಾದವರು ನಾವು. ಅರವತ್ತು ಮಕ್ಕಳ ಅರವತ್ತು ಬೇರೆ ಬೇರೆ ಪತ್ರ ಓದಿ ತಿದ್ದುವುದು, ಒಂದೇ ಉತ್ತರದ ಅರವತ್ತು ನಕಲಿಗೆ ಸಹಿ ಹಾಕಿದಷ್ಟು ಸುಲಭ ಅಲ್ಲ. ಅದಕ್ಕೆ ಸಮಯ ಬೇಕು. 2025ರ ದಸರಾ ರಜೆಯನ್ನು ನಾವು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿ ಕಳೆದೆವು. ಅದರ ಮೇಲೆ ಚುನಾವಣೆ ಕೆಲಸ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು. ಭಾಷಾ ಶಿಕ್ಷಕರಿಗೆ ವಾರಕ್ಕೆ ಎರಡು ಅವಧಿಯನ್ನು ಬರೀ ಮಕ್ಕಳ ಬರಹ ಓದಲು ಎಂದು ವೇಳಾಪಟ್ಟಿಯಲ್ಲೇ ಕೊಡಿ. ಗ್ರಂಥಾಲಯದ ಅವಧಿಯನ್ನು ಗಣಿತದ ವಿಶೇಷ ತರಗತಿಗೆ ಕಿತ್ತುಕೊಳ್ಳದ ಹಾಗೆ ಆದೇಶ ಮಾಡಿ. ಶಾಲೆಯ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುವ ಕತೆ ಪುಸ್ತಕಗಳು ಮಕ್ಕಳ ಕೈಗೆ ಹೋಗಲಿ. ಹರಿದರೆ ಹರಿಯಲಿ.

ಇದೆಲ್ಲ ಒಂದೇ ವರ್ಷದಲ್ಲಿ ಆಗುವ ಕೆಲಸ ಅಲ್ಲ. ಈಗ ಹತ್ತರಲ್ಲಿರುವ ಮಕ್ಕಳ ಮೇಲೆ ತಟ್ಟನೆ ಹೇರಬೇಡಿ, ಅವರಿಗೆ ಅನ್ಯಾಯ ಆಗುತ್ತದೆ. ಎಂಟನೇ ತರಗತಿಯಿಂದ ಶುರು ಮಾಡಿ, ಆ ಮಕ್ಕಳು ಹತ್ತಕ್ಕೆ ಬರುವ ಹೊತ್ತಿಗೆ ಪತ್ರಿಕೆಯೂ ಬದಲಾಗಲಿ. ಪ್ರಶ್ನೆಪತ್ರಿಕೆಯ ಹೊಸ ನೀಲನಕ್ಷೆ ಶಾಲೆ ಶುರುವಾಗುವ ಮುಂಚೆಯೇ ನಮ್ಮ ಕೈಗೆ ಬರಲಿ, ಅರ್ಧ ವರ್ಷ ಕಳೆದ ಮೇಲೆ ಬಂದರೆ ನಾವು ಮತ್ತೆ ಗೈಡಿಗೇ ಹೋಗುತ್ತೇವೆ. ಅದನ್ನು ಮಾಡುವಾಗ ತಾಲ್ಲೂಕಿನಲ್ಲಿ ಪಾಠ ಮಾಡುವ ಕನ್ನಡ ಶಿಕ್ಷಕರನ್ನು ಕೂರಿಸಿಕೊಳ್ಳಿ. ಬೀದರ್, ರಾಯಚೂರಿನವರೂ ಇರಲಿ, ಕೊಡಗು, ಕೋಲಾರದವರೂ ಇರಲಿ. ಹತ್ತು ಮಾದರಿ ಪತ್ರಿಕೆ ಮಾಡಿ, ಪ್ರತಿ ಜಿಲ್ಲೆಯ ಒಂದೆರಡು ಶಾಲೆಯಲ್ಲಿ ಬರೆಸಿ ನೋಡಿ. ಮಕ್ಕಳು ಏನು ಬರೆದರು ಎಂದು ಮಂಡಳಿಯವರೇ ಕೂತು ಓದಿ. ಆಮೇಲೆ ತೀರ್ಮಾನ ಮಾಡಿ. ಆ ಕೆಲಸಕ್ಕೆ ಕರೆದರೆ ನಾನೂ ಬರುತ್ತೇನೆ, ನನ್ನಂಥ ಎಷ್ಟೋ ಜನ ಬರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಕನ್ನಡ ಶಿಕ್ಷಕ,
ಕೊಪ್ಪಳ ಜಿಲ್ಲೆ